ಧಾಟಿಗೂ ಒಂದು ಅಂಕಿತ ಬೇಡವೆ?

2022ನೆಯ ಇಸವಿಯ ನವೆಂಬರ್ ತಿಂಗಳು. ದಿಲ್ಲಿಯ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಊಟದ ಡಬ್ಬಿಗಳು ಬಿಚ್ಚಿಕೊಂಡುವು. ಅವುಗಳ ಜೊತೆಗೆ ಒಂದು ಜಗಳವೂ ಬಿಚ್ಚಿಕೊಂಡಿತು. ಈಚೆ ಕಡೆ ನಾವು. ಆಚೆ ಕಡೆ ಪಾಲಕ್ಕಾಡಿನ ಮಿತ್ರರು, ಹದಿನೈದು ವರ್ಷಗಳಿಂದ ನಮ್ಮ ಚಿತ್ರಾನ್ನಕ್ಕೂ ತಮ್ಮ ಅವಿಯಲಿಗೂ ಭೇದವೆಣಿಸದೆ ಹಂಚಿಕೊಂಡು ಉಂಡವರು. ಜಗಳ ತುಟ್ಟಿಭತ್ಯೆಯದಲ್ಲ, ಬಡ್ತಿಯದಲ್ಲ, ವರ್ಗಾವಣೆಯದೂ ಅಲ್ಲ. ಒಂದು ಸಿನಿಮಾ ಹಾಡಿನದು.

ಸಂಗತಿ ಓದುಗರಿಗೆ ನೆನಪಿರಬಹುದು. ಆ ವರ್ಷ ಸೆಪ್ಟೆಂಬರ್ 30ರಂದು ತೆರೆ ಕಂಡ ‘ಕಾಂತಾರ’ ಚಿತ್ರದ ‘ವರಾಹರೂಪಂ’ ಹಾಡು, ತಾವು ಕೆಲವು ವರ್ಷಗಳ ಹಿಂದೆಯೇ ಹೊರತಂದಿದ್ದ ‘ನವರಸಂ’ ಹಾಡಿನ ನಕಲು ಎಂದು ಕೇರಳದ ‘ತೈಕ್ಕುಡಂ ಬ್ರಿಡ್ಜ್’ ಎಂಬ ವಾದ್ಯತಂಡದವರು ದೂರಿದರು. ನಕಲಲ್ಲ, ರಾಗಗಳು ಒಂದೇ ಆದ್ದರಿಂದ ಹೋಲಿಕೆ ಕಾಣುತ್ತಿದೆ ಎಂಬುದು ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥರ ಉತ್ತರ. ಅಕ್ಟೋಬರ್ ಕೊನೆಯಲ್ಲಿ ಕೋಳಿಕ್ಕೋಡಿನ ನ್ಯಾಯಾಲಯ, ಅದರ ಹಿಂದೆಯೇ ಪಾಲಕ್ಕಾಡಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟವು. ನವೆಂಬರ್ 24ರಂದು ಚಿತ್ರ ಮನೆಯ ಪರದೆಗೆ ಬಂದಾಗ ಹಾಡಿನ ಧಾಟಿ ಬದಲಾಗಿತ್ತು. ಕೋಳಿಕ್ಕೋಡಿನ ಅರ್ಜಿ ಅಧಿಕಾರ ವ್ಯಾಪ್ತಿಯ ಕಾರಣದಿಂದ ಹಿಂತಿರುಗಿತು, ತಡೆಯಾಜ್ಞೆಗಳು ತೆರವಾದುವು, ಹಳೆಯ ಧಾಟಿ ಮರಳಿತು. 2023ರ ಫೆಬ್ರವರಿಯಲ್ಲಿ ನಿರೀಕ್ಷಣಾ ಜಾಮೀನು ಕೊಡುವಾಗ ಕೇರಳ ಹೈಕೋರ್ಟು ಆ ಹಾಡಿನೊಡನೆ ಚಿತ್ರ ತೋರಿಸಬಾರದೆಂದು ವಿಧಿಸಿದ ಷರತ್ತಿಗೆ ಸುಪ್ರೀಂ ಕೋರ್ಟು ಕೂಡಲೇ ತಡೆ ನೀಡಿತು.

ಊಟದ ಮೇಜಿನ ಬಳಿ ನಾವು ವಾದಿಸಿದ್ದೇ ವಾದಿಸಿದ್ದು. “ರಾಗವೇನು ಯಾರಪ್ಪನ ಮನೆಯ ಸ್ವತ್ತೆ?” ಎಂದೆವು. “ರಾಗ ಬೇರೆ, ಹಾಡು ಬೇರೆ” ಎಂದರು ಮಿತ್ರರು. “ಕನ್ನಡ ಚಿತ್ರವೊಂದು ಇಡೀ ದೇಶದಲ್ಲಿ ಓಡಿದ್ದು ನಿಮಗೆ ಸಹಿಸದು” ಎಂದೆವು. “ನಮ್ಮ ಹುಡುಗರು ಕಷ್ಟಪಟ್ಟದ್ದನ್ನು ಹೊಡೆದುಕೊಂಡು ಹೋದಿರಿ” ಎಂದರು. ಡಬ್ಬಿ ಮುಚ್ಚಿಕೊಂಡು ಎದ್ದೆವು. ಅಂದು ಅವಿಯಲು ನಮ್ಮ ಕಡೆಗೆ ದಾಟಲಿಲ್ಲ.

ಸಂಜೆ ಮನೆಗೆ ಬರುವಾಗ ಮೆಟ್ರೋದಲ್ಲಿ ನಿಂತಿದ್ದ ನಮಗೆ ಒಂದು ವಿಷಯ ಹೊಳೆದು ಕಿವಿ ಬಿಸಿಯಾಯಿತು. ‘ನವರಸಂ’ ಹಾಡನ್ನು ನಾವು ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ! ಮರುದಿನ ವಿಚಾರಿಸಿದಾಗ ಮಿತ್ರರೂ ‘ಕಾಂತಾರ’ ನೋಡಿರಲಿಲ್ಲ. ಇಬ್ಬರೂ ಹಾಡು ಕೇಳುವ ಮೊದಲೇ ತೀರ್ಪು ಬರೆದಿದ್ದೆವು. ಒಂದು ವೇಳೆ ನಮ್ಮ ಕನ್ನಡದ ತಂಡವೊಂದರ ಹಾಡನ್ನು ಮಲಯಾಳಂ ಚಿತ್ರವೊಂದು ಹೋಲುತ್ತಿದ್ದರೆ ಇದೇ ನಾವು ಏನೆನ್ನುತ್ತಿದ್ದೆವು? ರಾಗ ಯಾರಪ್ಪನ ಸ್ವತ್ತೆಂಬ ಮಾತು ನಮ್ಮ ಬಾಯಿಂದ ಬರುತ್ತಿತ್ತೆ? ಖಂಡಿತ ಇಲ್ಲ. ನಮ್ಮವರು ತೆಗೆದುಕೊಂಡರೆ ಸ್ಫೂರ್ತಿ, ಪರರು ತೆಗೆದುಕೊಂಡರೆ ಕಳವು. ಇದು ನಮ್ಮೊಬ್ಬರ ರೋಗವಲ್ಲ; ಆದರೆ ಹೊರನಾಡಿನಲ್ಲಿ ಭಾಷೆಯನ್ನು ಎದೆಗವಚಿಕೊಂಡು ಬದುಕುವ ನಮ್ಮಂಥವರಿಗೆ ಬೇಗ ಅಂಟುವ ರೋಗ.

ಆ ವ್ಯಾಜ್ಯದಲ್ಲಿ ಯಾರು ಸರಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಅದು ನ್ಯಾಯಾಲಯದ ಕೆಲಸ. ನಮ್ಮ ತಕರಾರು ತಕ್ಕಡಿಯನ್ನು ಕುರಿತದ್ದು. ಹಾಡು ಹಾಡನ್ನು ಹೋಲಿದಾಗಲೆಲ್ಲ “ಕಳ್ಳ” ಎಂದು ಕೂಗುವುದು ತಪ್ಪು. ಹಾಗೆಯೇ “ಸಂಗೀತ ಎಲ್ಲರದು” ಎನ್ನುತ್ತ ಒಬ್ಬನ ಶ್ರಮವನ್ನು ಹೆಸರಿಲ್ಲದೆ ಜೇಬಿಗಿಳಿಸುವುದೂ ತಪ್ಪು. ಹೋಲಿಕೆ ಕಳವಲ್ಲ, ಹೆಸರು ನುಂಗುವುದು ಕಳವು. ಈ ಮಾತು ಪರರಿಗೆ ಎಷ್ಟು ಅನ್ವಯಿಸುತ್ತದೆಯೋ ನಮಗೂ ಅಷ್ಟೇ ಅನ್ವಯಿಸಬೇಕು.

ಹಾಡುಗಳು ಒಂದನ್ನೊಂದು ಹೋಲುವುದೇಕೆ? ಬಿ.ಎಸ್ಸಿ.ಯಲ್ಲಿ ಕಲಿತ ಗಣಿತ ನಮಗೆ ಕಚೇರಿಯಲ್ಲಿ ಉಪಯೋಗಕ್ಕೆ ಬಂದದ್ದು ಕಡಿಮೆ, ಇಲ್ಲಿ ಬಂದೀತು. ಎಂಟು ಸ್ವರಗಳನ್ನು ಇಟ್ಟುಕೊಂಡು ಹನ್ನೆರಡು ಸ್ವರಗಳಷ್ಟು ಉದ್ದದ ಧಾಟಿ ಕಟ್ಟಬೇಕೆನ್ನಿ. ಹನ್ನೆರಡು ಎಂಟುಗಳನ್ನು ಗುಣಿಸಿದರೆ 68,71,94,76,736, ಅಂದರೆ ಸುಮಾರು 6,872 ಕೋಟಿ. ಅಮೆರಿಕದಲ್ಲಿ ಸಂಗೀತ ಬಲ್ಲ ವಕೀಲ ಡೇಮಿಯನ್ ರೀಲ್ ಮತ್ತು ಕಂಪ್ಯೂಟರ್ ತಜ್ಞ ನೋವಾ ರೂಬಿನ್ ಇಷ್ಟನ್ನೂ ಯಂತ್ರದಿಂದ ಬರೆಸಿ, ಒಂದು ಪೆಟ್ಟಿಗೆಯಲ್ಲಿ ತುಂಬಿ, ಇವು ಯಾರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು ಎಂದು ಸಾರಿಬಿಟ್ಟರು. 2020ರಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಧಾಟಿಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ, ಇಬ್ಬರು ಒಂದೇ ಕಡೆ ಕಾಲಿಡುವುದು ಆಶ್ಚರ್ಯವಲ್ಲ ಎಂಬುದು ಅವರು ತೋರಿಸಬೇಕೆಂದಿದ್ದ ಮಾತು.

ಆ ಕೋಟಿಗಳನ್ನು ಕಂಡು ಬೆರಗಾಗಬೇಕಿಲ್ಲ. ಅವುಗಳಲ್ಲಿ ಹೆಚ್ಚಿನವು ಬಾಯಲ್ಲಿ ಹಾಡಲಾಗದ ಸ್ವರಗಳ ಗುಡ್ಡೆ. ಕಿವಿಗೆ ಹಿತವಾದವು, ನಾಲ್ಕು ಜನ ಗುನುಗಬಲ್ಲವು ಬಹಳ ಕಡಿಮೆ. ನಮ್ಮ ಮೋಹನ ರಾಗವನ್ನೇ ತೆಗೆದುಕೊಳ್ಳಿ. ಸ ರಿ ಗ ಪ ದ, ಐದೇ ಸ್ವರ. ಉತ್ತರಾದಿಯಲ್ಲಿ ಇದೇ ಸ್ವರಗಳಿಗೆ ಭೂಪ್ ಎನ್ನುತ್ತಾರೆ. ಚೀನಾ ದೇಶದ ಜನಪದ ಸಂಗೀತದಲ್ಲೂ ಈ ಐದರ ಓಡಾಟ ಉಂಟು. ಐದು ಸ್ವರಗಳ ಮನೆಯಲ್ಲಿ ಹುಟ್ಟಿದ ಮಕ್ಕಳ ಮೂಗು ಒಂದೇ ತೆರನಾಗಿದ್ದರೆ ತಾಯಿಯ ಮೇಲೆ ಅನುಮಾನಪಡಬೇಕೆ? ರಾಗ, ತಾಳ, ಪಾಶ್ಚಾತ್ಯರು ‘ಕಾರ್ಡ್’ ಎನ್ನುವ ಸ್ವರಗುಚ್ಛ, ಇವು ಅಕ್ಷರಮಾಲೆ ಇದ್ದಂತೆ. ಅ ಆ ಇ ಈ ಯಾರ ಹೆಸರಿನಲ್ಲೂ ಖಾತೆಯಾಗಿಲ್ಲ, ಆಗಲೂಬಾರದು.

ಆದರೆ ಅಕ್ಷರಮಾಲೆಗೂ ಬೇಲಿ ಹಾಕಿದರೆ ಏನಾಗುತ್ತದೆಂಬುದನ್ನು ಅಮೆರಿಕದವರು ಕಂಡರು. 2013ರಲ್ಲಿ ರಾಬಿನ್ ಥಿಕ್ ಮತ್ತು ಫ್ಯಾರೆಲ್ ವಿಲಿಯಮ್ಸ್ ಅವರ ‘ಬ್ಲರ್ಡ್ ಲೈನ್ಸ್’ ಹಾಡು ಬಂತು. ಅದು ಮಾರ್ವಿನ್ ಗೇ ಅವರ 1977ರ ‘ಗಾಟ್ ಟು ಗಿವ್ ಇಟ್ ಅಪ್’ ಹಾಡಿನಂತಿದೆ ಎಂದು ಗೇ ಅವರ ವಾರಸುದಾರರು ಪಟ್ಟು ಹಿಡಿದರು. ಗೇ 1984ರಲ್ಲೇ ತೀರಿಕೊಂಡಿದ್ದರು. 2015ರಲ್ಲಿ ಜ್ಯೂರಿಯವರು ಸುಮಾರು 74 ಲಕ್ಷ ಡಾಲರ್ ಕೊಡಿಸಿದರು. ನ್ಯಾಯಾಧೀಶರು ಅದನ್ನು 53 ಲಕ್ಷಕ್ಕೆ ಇಳಿಸಿದರು. 2018ರಲ್ಲಿ ಮೇಲ್ಮನವಿಯ ಪೀಠ ಇಬ್ಬರು ಒಬ್ಬರ ಬಹುಮತದಿಂದ ಎತ್ತಿಹಿಡಿಯಿತು. ಒಪ್ಪದಿದ್ದ ನ್ಯಾಯಾಧೀಶೆ ಜಾಕ್ವೆಲಿನ್ ನ್ವಿನ್, ಎರಡು ಹಾಡುಗಳ ಧಾಟಿ, ಲಯ, ಸ್ವರಮೇಳ ಒಂದೇ ಅಲ್ಲ, ಒಂದು ಶೈಲಿಗೇ ಒಡೆತನ ಕೊಟ್ಟಂತಾಯಿತು ಎಂಬರ್ಥದ ಭಿನ್ನಮತ ಬರೆದರು. ನಮ್ಮ ಮಟ್ಟಿಗೆ ಅವರೇ ಸರಿ. ಶೈಲಿಗೆ ಒಡೆಯನಿದ್ದರೆ ಸುಗಮ ಸಂಗೀತ ಹಾಡುವವರೆಲ್ಲ ಬಾಡಿಗೆ ಕಟ್ಟಬೇಕಾದೀತು.

ಅದರ ಬಳಿಕ ವ್ಯಾಜ್ಯಗಳಿಗೆ ಬರವಿಲ್ಲವಾಯಿತು. ಕೇಟಿ ಪೆರಿ ಅವರ ‘ಡಾರ್ಕ್ ಹಾರ್ಸ್’ ಹಾಡಿನಲ್ಲಿ ಮತ್ತೆಮತ್ತೆ ಬರುವ ಎಂಟು ಸ್ವರಗಳ ಒಂದು ಆವರ್ತಕ್ಕಾಗಿ 2019ರಲ್ಲಿ ಜ್ಯೂರಿ ಸುಮಾರು 28 ಲಕ್ಷ ಡಾಲರ್ ದಂಡ ಹಾಕಿತು. ಮರುವರ್ಷ ನ್ಯಾಯಾಧೀಶರೇ ಅದನ್ನು ತಳ್ಳಿಹಾಕಿದರು; 2022ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಿತು. ಲೆಡ್ ಜೆಪ್ಪೆಲಿನ್ ತಂಡದ 1971ರ ‘ಸ್ಟೇರ್‌ವೇ ಟು ಹೆವನ್’ ಹಾಡಿನ ಮೊದಲ ಗಿಟಾರ್ ಸಾಲುಗಳ ಮೇಲೆ 2014ರಲ್ಲಿ ಹೂಡಿದ ದಾವೆ 2020ರವರೆಗೆ ನಡೆದು ತಂಡದವರೇ ಗೆದ್ದರು. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಎಡ್ ಶೀರನ್ ಕಟಕಟೆಯಲ್ಲಿ ಕುಳಿತು ಗಿಟಾರ್ ನುಡಿಸಿ, ಅದೇ ನಾಲ್ಕು ಸ್ವರಗುಚ್ಛಗಳ ಮೇಲೆ ಎಷ್ಟೋ ಹಾಡುಗಳು ನಿಂತಿವೆ ಎಂದು ತೋರಿಸಿದರು. ಸೋತರೆ ಹಾಡುವುದನ್ನೇ ಬಿಡುತ್ತೇನೆ ಎಂದಿದ್ದರು. ಜ್ಯೂರಿ ಅವರ ಪರ ನಿಂತಿತು.

ಇವೆಲ್ಲಕ್ಕಿಂತ ಸೊಗಸಾದದ್ದು ಜಾನ್ ಫಾಗರ್ಟಿ ಅವರ ಕಥೆ. 1970ರಲ್ಲಿ ಇವರು ಬರೆದ ಹಾಡಿನ ಹಕ್ಕು ಧ್ವನಿಮುದ್ರಣ ಕಂಪನಿಯ ಪಾಲಾಯಿತು. 1985ರಲ್ಲಿ ಇವರದೇ ಇನ್ನೊಂದು ಹಾಡು ಬಂದಾಗ, ಇದು ಆ ಹಳೆಯ ಹಾಡಿನ ನಕಲು ಎಂದು ಕಂಪನಿ ದಾವೆ ಹೂಡಿತು. ತನ್ನ ಹಾಡನ್ನು ತಾನೇ ಕದ್ದ ಆರೋಪ! 1988ರಲ್ಲಿ ಪಾಪ, ಗಿಟಾರ್ ಹಿಡಿದು ನ್ಯಾಯಾಲಯಕ್ಕೆ ಹೋಗಿ, ತನ್ನಂತೆ ತಾನು ಹಾಡುವುದು ಅಪರಾಧವಲ್ಲವೆಂದು ತೋರಿಸಿ ಗೆದ್ದು ಬಂದರು. ಈ ವ್ಯಾಜ್ಯಗಳಲ್ಲಿ ಹೆಚ್ಚಿನವುಗಳಲ್ಲಿ ಫಿರ್ಯಾದಿಯ ಜಾಗದಲ್ಲಿ ಕುಳಿತವರನ್ನು ಗಮನಿಸಿ: ಕಂಪನಿ, ವಾರಸುದಾರ, ವಿಶ್ವಸ್ತ. ಅಲ್ಲೆಲ್ಲ ಹಾಡು ಕಟ್ಟಿದವನು ಒಂದೋ ಗೋರಿಯಲ್ಲಿ, ಇಲ್ಲವೆ ಕಟಕಟೆಯಲ್ಲಿ.

ಇಷ್ಟು ಓದಿದವರು, “ಹಾಗಾದರೆ ನೀವು ಊಟದ ಮೇಜಿನಲ್ಲಿ ಹೇಳಿದ್ದೇ ಸರಿಯಾಯಿತಲ್ಲ, ರಾಗ ಯಾರಪ್ಪನ ಸ್ವತ್ತೂ ಅಲ್ಲ” ಎನ್ನಬಹುದು. ಅಲ್ಲ ಸ್ವಾಮಿ. ಪಾಲಕ್ಕಾಡಿನ ಮಿತ್ರರ ಮಾತಿನಲ್ಲೂ ಹುರುಳಿತ್ತು. ಅಕ್ಷರ ಎಲ್ಲರದು, ಆದರೆ ವಾಕ್ಯ ಬರೆದವನದು. ಕುವೆಂಪು ಅವರೂ ನಾವೂ ಅದೇ ಸುಮಾರು ಐವತ್ತು ಅಕ್ಷರ ಬಳಸುತ್ತೇವೆ ಎಂದ ಮಾತ್ರಕ್ಕೆ ಅವರ ಪುಟಕ್ಕೆ ನಮ್ಮ ಸಹಿ ಹಾಕಬಹುದೆ? ಮೋಹನ ಎಲ್ಲರದು, ಮೋಹನದಲ್ಲಿ ಒಬ್ಬಾಕೆ ರಾತ್ರಿಯೆಲ್ಲ ಎದ್ದು ಕೂತು ಕಟ್ಟಿದ ಆ ಒಂದು ಧಾಟಿ ಆಕೆಯದು. “ಸಂಗೀತ ಸಮುದ್ರ” ಎನ್ನುವವರಲ್ಲಿ ಎಷ್ಟೋ ಜನ ಸಮುದ್ರಕ್ಕೆ ಹೋಗುವುದು ಪಕ್ಕದವನ ಬಲೆಯ ಮೀನಿಗಾಗಿ.

ಈ ಗೆರೆ ಎಳೆಯುವುದು ಸುಲಭವಲ್ಲ. ಜಾರ್ಜ್ ಹ್ಯಾರಿಸನ್ ನಮ್ಮ ಪಂಡಿತ ರವಿಶಂಕರ್ ಅವರ ಶಿಷ್ಯರಾಗಿ ಭಾರತೀಯರಿಗೂ ಪರಿಚಿತರು. 1970ರಲ್ಲಿ ಅವರ ‘ಮೈ ಸ್ವೀಟ್ ಲಾರ್ಡ್’ ಹಾಡು ಹರೇ ಕೃಷ್ಣ ನಾಮದೊಡನೆ ಲೋಕವೆಲ್ಲ ಸುತ್ತಿತು. ಅದು ‘ಶಿಫಾನ್ಸ್’ ಎಂಬ ಹುಡುಗಿಯರ ತಂಡ 1963ರಲ್ಲಿ ಹಾಡಿದ್ದ ‘ಹೀ ಈಸ್ ಸೋ ಫೈನ್’ ಹಾಡಿನ ಧಾಟಿ ಎಂದು ದಾವೆಯಾಯಿತು. 1976ರಲ್ಲಿ ನ್ಯಾಯಾಧೀಶ ರಿಚರ್ಡ್ ಓವನ್ ಕೊಟ್ಟ ತೀರ್ಪಿನ ಸಾರ ಇಷ್ಟು: ಹ್ಯಾರಿಸನ್ ಬೇಕೆಂದೇ ಕದಿಯಲಿಲ್ಲ; ಆದರೆ ಹಿಂದೆ ಕೇಳಿದ ಹಾಡು ಸುಪ್ತ ಮನಸ್ಸಿನಲ್ಲಿ ಉಳಿದು ಹೊರಗೆ ಬಂದಿದೆ; ಆದ್ದರಿಂದ ಹೊಣೆ ತಪ್ಪದು. ಆಮೇಲಿನ ನಾಟಕ ಇನ್ನೂ ವಿಚಿತ್ರ. ಹ್ಯಾರಿಸನ್ನರ ವ್ಯವಹಾರ ನೋಡಿಕೊಂಡಿದ್ದ ಆಲನ್ ಕ್ಲೈನ್ ಎಂಬವರೇ ಎದುರು ಪಕ್ಷದ ಹಕ್ಕುಗಳನ್ನು ಕೊಂಡುಕೊಂಡು ಫಿರ್ಯಾದಿಯಾಗಿ ಕುಳಿತರು! ಅವರು ಕೊಟ್ಟ 5,87,000 ಡಾಲರಿಗಿಂತ ಹೆಚ್ಚಿಗೆ ಅವರಿಗೆ ದಕ್ಕಬಾರದೆಂದು 1981ರಲ್ಲಿ ನ್ಯಾಯಾಲಯ ಕಡಿವಾಣ ಹಾಕಿತು. ಮೂಲ ಹಾಡು ಕಟ್ಟಿದ ರಾನಿ ಮ್ಯಾಕ್ ಎಂಬ ತರುಣರೋ, ಹಾಡು ಗೆದ್ದ 1963ರಲ್ಲಿಯೇ ತೀರಿಕೊಂಡಿದ್ದರು.

ಹ್ಯಾರಿಸನ್ ಕಳ್ಳರೆ? ನಾವು ಹಾಗೆನ್ನಲಾರೆವು. ಆದರೆ ಹೋಲಿಕೆ ಕಿವಿಗೆ ಬಿದ್ದ ದಿನವೇ “ಧಾಟಿ ರಾನಿ ಮ್ಯಾಕ್ ಅವರದು” ಎಂದು ತಟ್ಟೆಯ ಮೇಲೆ ಒಂದು ಸಾಲು ಅಚ್ಚಾಗಿದ್ದರೆ? ಮನಸ್ಸಿದ್ದರೆ ಇದು ಸಾಧ್ಯ. 2014ರಲ್ಲಿ ಸ್ಯಾಮ್ ಸ್ಮಿತ್ ಅವರ ‘ಸ್ಟೇ ವಿತ್ ಮಿ’ ಹಾಡು ಟಾಮ್ ಪೆಟ್ಟಿ ಅವರ 1989ರ ಹಾಡೊಂದನ್ನು ಹೋಲುತ್ತಿತ್ತು. ದಾವೆಯಿಲ್ಲ, ಕೂಗಾಟವಿಲ್ಲ. ಪೆಟ್ಟಿ ಮತ್ತು ಅವರ ಜೊತೆಗಾರ ಜೆಫ್ ಲಿನ್ ಅವರ ಹೆಸರು ಸೇರಿಸಿ, ತಲಾ ನೂರಕ್ಕೆ ಹನ್ನೆರಡೂವರೆ ಪಾಲು ಕೊಟ್ಟು ಮುಗಿಸಿದರು. ಹಾಡು ಕಟ್ಟುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ, ಬೇಸರವಿಲ್ಲ ಎಂಬರ್ಥದ ಮಾತಾಡಿ ಪೆಟ್ಟಿ ದೊಡ್ಡವರಾದರು.

ನಮ್ಮ ದೇಶದಲ್ಲಿ ನಕಲಿನ ವ್ಯಾಜ್ಯಗಳಿಗೆಲ್ಲ ದಾರಿದೀಪವಾದ ತೀರ್ಪು 1978ರದು. ಆರ್.ಜಿ. ಆನಂದ್ ಎಂಬವರ ‘ಹಮ್ ಹಿಂದೂಸ್ತಾನಿ’ ನಾಟಕಕ್ಕೂ 1956ರ ‘ನ್ಯೂ ಡೆಲ್ಲಿ’ ಚಿತ್ರಕ್ಕೂ ನಡೆದ ವ್ಯಾಜ್ಯ. ವಿಚಾರಕ್ಕೆ ಒಡೆತನವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಒಡೆತನ. ಎರಡನ್ನೂ ನೋಡಿದವನಿಗೆ ಎರಡನೆಯದು ಮೊದಲಿನದರ ನಕಲೆಂದು ನಿಸ್ಸಂದೇಹವಾಗಿ ಅನ್ನಿಸಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಆನಂದ್ ಸೋತರು. ಓದುಗರು ‘ಎರಡನ್ನೂ ನೋಡಿದವನಿಗೆ’ ಎಂಬಲ್ಲಿ ಅಡಿಗೆರೆ ಹಾಕಿಕೊಳ್ಳಬೇಕು. ನಮ್ಮ ಊಟದ ಮೇಜಿನ ನ್ಯಾಯಾಧೀಶರಿಬ್ಬರಿಗೂ ಅಲ್ಲೇ ಅರ್ಹತೆ ತಪ್ಪಿತು. ಇನ್ನೊಂದು ತಮಾಷೆ: ಆ ನಾಟಕದ ವಸ್ತುವೇ ಪ್ರಾಂತೀಯತೆ, ಪಂಜಾಬಿ ಮನೆಗೂ ಮದರಾಸಿ ಮನೆಗೂ ನಡುವಿನ ಗೋಡೆ!

ಈಗ ಹೆಸರಿನ ಮಾತಿಗೆ ಬರುತ್ತೇವೆ. ಇದು ಪಾಶ್ಚಾತ್ಯರಿಂದ ಕಲಿಯಬೇಕಾದ ಪಾಠವಲ್ಲ. ನಮ್ಮ ವಚನಕಾರರು, ದಾಸರು ಎಲ್ಲವನ್ನೂ ದೇವರ ಪಾದಕ್ಕೆ ಹಾಕಿದವರು. ಆದರೂ ಅಂಕಿತ ಬಿಡಲಿಲ್ಲ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣ, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕ, ‘ಪುರಂದರ ವಿಠಲ’ ಎಂದರೆ ಯಾರೆಂದು ಮಕ್ಕಳಿಗೂ ಗೊತ್ತು. ಹೆಸರು ದೇವರದು, ಗುರುತು ಬರೆದವರದು. ನೂರಾರು ವರ್ಷ ಕಳೆದರೂ ಪದ ಯಾರದೆಂದು ಹೇಳಬಲ್ಲೆವು. ಆದರೆ ಆ ಪದಗಳ ಧಾಟಿ? ಪುರಂದರದಾಸರು ಸ್ವತಃ ಹಾಡಿದ ಧಾಟಿಗಳಲ್ಲಿ ಬಹುಪಾಲು ಕಳೆದುಹೋಗಿವೆ. ನಾವು ಇಂದು ಕೇಳುವ ಎಷ್ಟೋ ಧಾಟಿ ನಂತರದವರು ಕೂಡಿಸಿದ್ದು. ಮಾತಿಗೆ ಅಂಕಿತವಿತ್ತು, ಉಳಿಯಿತು. ಧಾಟಿಗೆ ಅಂಕಿತವಿರಲಿಲ್ಲ, ಹೋಯಿತು.

ಹಳೆಯ ಕಂಪನಿ ನಾಟಕದವರನ್ನು ನೆನೆಯಿರಿ. ಮರಾಠಿ ರಂಗಗೀತೆಯ ಧಾಟಿಗೆ ಅವರು ಕನ್ನಡ ಮಾತು ಕೂಡಿಸಿದರು, ಸಂಕೋಚವಿಲ್ಲದೆ ತೆಗೆದುಕೊಂಡರು. ಆದರೆ ಎರಡಾಣೆಯ ಹಾಡಿನ ಪುಸ್ತಕದಲ್ಲಿ ಪದದ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚು ಹಾಕಿಸುವ ರೂಢಿಯೂ ಇತ್ತು. ಸಾಲ ಮಾಡಿದರು, ಸಾಲದ ಚೀಟಿಯನ್ನೂ ಬರೆದುಕೊಟ್ಟರು. ಇಂದಿನವರಿಗೆ ಕೋಟಿಗಟ್ಟಲೆ ಬಂಡವಾಳವಿದೆ. ಆ ಒಂದು ಸಾಲಿಗೆ ಜಾಗ ಸಾಲುವುದಿಲ್ಲ.

ಹೆಸರು ಬರೆದಿಡದಿದ್ದರೆ ಆಗುವ ಪಾಡನ್ನು ನಮ್ಮ ದಿಲ್ಲಿಯ ಹೈಕೋರ್ಟೇ ಕಂಡಿದೆ. ‘ಪೊನ್ನಿಯಿನ್ ಸೆಲ್ವನ್’ ಚಿತ್ರದ 2023ರ ಎರಡನೆಯ ಭಾಗದಲ್ಲಿ ಎ.ಆರ್. ರೆಹಮಾನ್ ಅವರ ‘ವೀರಾ ರಾಜ ವೀರ’ ಹಾಡಿದೆ. ಅದು ತಮ್ಮ ತಂದೆ ಮತ್ತು ದೊಡ್ಡಪ್ಪ, ಕಿರಿಯ ಡಾಗರ್ ಸಹೋದರರು, ಅಡಾಣಾ ರಾಗದಲ್ಲಿ ರಚಿಸಿದ ‘ಶಿವಸ್ತುತಿ’ಯೇ ಎಂದು ಧ್ರುಪದ ಗಾಯಕ ಉಸ್ತಾದ್ ವಾಸಿಫುದ್ದೀನ್ ಡಾಗರ್ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ಮಧ್ಯಂತರ ಆದೇಶ ಕೊಟ್ಟು, ಡಾಗರ್ ಸಹೋದರರ ಹೆಸರು ಹಾಕಿ, ಎರಡು ಕೋಟಿ ರೂಪಾಯಿ ಠೇವಣಿ ಇಡಿ ಎಂದಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಪಡಿಸಿತು. ಹಾಡಿದ್ದಕ್ಕೆ ಸಾಕ್ಷಿಯಿದೆ, ಆದರೆ ಹಾಡಿದ್ದೇ ರಚಿಸಿದ್ದಕ್ಕೆ ಸಾಕ್ಷಿಯಾಗದು ಎಂಬುದು ಆ ತೀರ್ಪಿನ ತಿರುಳು. ಧಾಟಿ ಯಾರದೆಂದು ಹುಟ್ಟಿದ ದಿನವೇ ಒಂದು ಕಾಗದದ ಮೇಲೆ ಬರೆದಿಟ್ಟಿದ್ದರೆ ಎರಡು ಪೀಠಗಳು ಇಷ್ಟು ತಲೆ ಕೆಡಿಸಿಕೊಳ್ಳಬೇಕಿತ್ತೆ? ನಮ್ಮ ಸರ್ಕಾರಿ ಕಡತದಲ್ಲಿ ಎರಡು ಸಾಲಿನ ಟಿಪ್ಪಣಿಗೂ ಅಂಚಿನಲ್ಲಿ ಬರೆದವನ ಚಿಕ್ಕ ಸಹಿ, ತಾರೀಕು ಇರುತ್ತದೆ. ಗುಮಾಸ್ತೆಯ ಟಿಪ್ಪಣಿಗೆ ಇರುವ ಈ ಗೌರವ ಒಂದು ಧಾಟಿಗೆ ಇಲ್ಲ.

ಪರರ ಮೇಲೆ ಬೆರಳು ತೋರಿಸಿದ್ದು ಸಾಕು. ಉಳಿದ ಬೆರಳುಗಳು ತೋರುವ ಕಡೆಗೂ ನೋಡೋಣ.

2011ರ ನವೆಂಬರ್. ಇಲ್ಲಿನ ಒಂದು ರಾಜ್ಯೋತ್ಸವ ಸಮಾರಂಭಕ್ಕೆ ಆಮಂತ್ರಣ ಪತ್ರಿಕೆಯ ಕರಡು ಬರೆದವರು ನಾವೇ. ಮಕ್ಕಳ ವಚನ ಗಾಯನವೊಂದಿತ್ತು. ‘ರಚನೆ: ಅಕ್ಕಮಹಾದೇವಿ’ ಎಂದು ಬರೆದೆವು. ಹಾಡುವ ಎಂಟು ಮಕ್ಕಳ ಹೆಸರು ಬರೆದೆವು. ಒಂದು ಬಿಟ್ಟರೆ ಅವರಪ್ಪಂದಿರು ಸುಮ್ಮನಿರುವರೆ? ಹಾರ್ಮೋನಿಯಂ, ತಬಲ, ಧ್ವನಿವರ್ಧಕ, ಕಾಫಿ-ತಿಂಡಿಯ ಪ್ರಾಯೋಜಕರು, ಎಲ್ಲರ ಹೆಸರೂ ಬಂತು. ಆ ವಚನಕ್ಕೆ ಧಾಟಿ ಕೂಡಿಸಿದವರು ಸರ್ಕಾರಿ ವಸತಿಗೃಹಗಳ ಮಕ್ಕಳಿಗೆ ಇಪ್ಪತ್ತೈದು ವರ್ಷ ಬಿಡಿಗಾಸಿಲ್ಲದೆ ಹಾಡು ಕಲಿಸಿದ ಒಬ್ಬ ವಯಸ್ಸಾದ ತಾಯಿ. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಅವರ ಹೆಸರು ಬರೆಯಲಿಲ್ಲ. ದ್ವೇಷದಿಂದಲ್ಲ, ಅಸೂಯೆಯಿಂದಲ್ಲ. ಬರೆಯಬೇಕೆಂದು ಹೊಳೆಯಲೇ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರು ಮೂರನೆಯ ಸಾಲಿನಿಂದ ಎದ್ದು ಬಂದು, “ಚೆನ್ನಾಗಿತ್ತಪ್ಪಾ, ಮಕ್ಕಳು ಧಾಟಿ ಕೆಡಿಸಲಿಲ್ಲ” ಎಂದರು. ಆಮೇಲೆ, ಊರಿನಲ್ಲಿರುವ ತಂಗಿಗೆ ಕಳಿಸಲು ಒಂದು ಆಮಂತ್ರಣ ಪತ್ರಿಕೆ ಇದ್ದರೆ ಕೊಡು ಎಂದರು. ಕೊಟ್ಟೆವು. ಕನ್ನಡಕ ಹಾಕಿಕೊಂಡು ಒಂದು ಮಗ್ಗುಲು ಓದಿದರು, ತಿರುಗಿಸಿ ಇನ್ನೊಂದು ಮಗ್ಗುಲು ಓದಿದರು. ಮಡಿಸಿ ಚೀಲದಲ್ಲಿಟ್ಟುಕೊಂಡು, “ಬರ್ತೀನಪ್ಪಾ, ಬಸ್ಸಿಗೆ ಹೊತ್ತಾಯಿತು” ಎಂದು ಹೋದರು. ಅವರು ಏನನ್ನು ಹುಡುಕುತ್ತಿದ್ದರೆಂದು ನಮಗೆ ಆಗಲೂ ಹೊಳೆಯಲಿಲ್ಲ.

ಟೀಚರಮ್ಮ ಈಗಿಲ್ಲ. ಅವರ ಧಾಟಿ ಇದೆ. ಅವರ ಶಿಷ್ಯೆಯರು ಮದುವೆಯಾಗಿ ಹೋದ ಊರುಗಳಿಗೆಲ್ಲ ಅದು ಹೋಯಿತು. ಈಚೆಗೆ ಬೇರೊಂದು ಊರಿನ ಸಮಾರಂಭದ ಧ್ವನಿಮುದ್ರಣ ಕೇಳಿದೆವು. ಅದೇ ಧಾಟಿ, ಒಂದು ತಿರುವೂ ತಪ್ಪಿಲ್ಲ. ಕೆಳಗೆ ‘ಸಾಂಪ್ರದಾಯಿಕ’ ಎಂದು ಬರೆದಿತ್ತು. ನಮಗೆ ರೋಷ ಉಕ್ಕಿತು. ಕಳ್ಳರು ಎನ್ನಬೇಕೆಂದು ಬಾಯಿ ತೆರೆದೆವು, ಮುಚ್ಚಿದೆವು. ಅವರನ್ನು ಏನೆಂದು ಕೇಳುವುದು? ಧಾಟಿ ಟೀಚರಮ್ಮನದು ಎನ್ನಲು ನಮ್ಮ ಬಳಿ ಏನಿದೆ? ಅವರು ಸ್ವರಲಿಪಿ ಬರೆದಿಟ್ಟವರಲ್ಲ. ಇರಬಹುದಾಗಿದ್ದ ಒಂದೇ ಕಾಗದ ಆ ಆಮಂತ್ರಣ ಪತ್ರಿಕೆ. ಅದರಲ್ಲಿ ಅವರ ಹೆಸರು ಇಲ್ಲದಂತೆ ನೋಡಿಕೊಂಡವರು ನಾವೇ. ಕುಂಬಳಕಾಯಿ ಕಳ್ಳ ಎಂದರೆ ಮೊದಲು ನಮ್ಮ ಹೆಗಲನ್ನೇ ಮುಟ್ಟಿ ನೋಡಿಕೊಳ್ಳಬೇಕು.

“ಇಷ್ಟು ಚಿಕ್ಕ ಸಂಗತಿಗೆ ಕಾನೂನೇ?” ಎನ್ನುವವರಿಗೆ ಒಂದು ಮಾತು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಬರಹಕ್ಕಿಳಿಸಿದ ಸಂಗೀತಕ್ಕೆ ಮಾತ್ರ ಅದರಲ್ಲಿ ರಕ್ಷಣೆಯಿತ್ತು. ಬಾಯಿಂದ ಬಾಯಿಗೆ ಹೋಗುವ ಧಾಟಿಗಳ ಈ ದೇಶದಲ್ಲಿ ಅಂಥ ಕಾನೂನು! 1994ರ ತಿದ್ದುಪಡಿಯಿಂದ ಆ ಕಟ್ಟು ಹೋಯಿತು. 2012ರ ತಿದ್ದುಪಡಿಯಿಂದ ಚಿತ್ರಗೀತೆ ಬರೆದವರಿಗೂ ಸಂಗೀತ ಕೂಡಿಸಿದವರಿಗೂ ಬಿಟ್ಟುಕೊಡಲಾಗದ ಗೌರವಧನದ ಹಕ್ಕು ಬಂತು. ಇವೆಲ್ಲಕ್ಕಿಂತ ಮಿಗಿಲಾದದ್ದು ಅದೇ ಕಾಯ್ದೆಯ 57ನೆಯ ಕಲಮು. ಹಕ್ಕನ್ನೆಲ್ಲ ಮಾರಿಕೊಂಡ ಮೇಲೂ ‘ಈ ಕೃತಿ ನನ್ನದು’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ ಎನ್ನುತ್ತದೆ ಅದು. ಹಣ ಒಂದು, ಹೆಸರು ಇನ್ನೊಂದು ಎಂಬ ವಿವೇಕ ಕಾನೂನಿಗೂ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಲಿಲ್ಲವೆ?

ನಮ್ಮ ಸಭೆಗಳಲ್ಲಿ ಹಾಡುವ ನಾಡಗೀತೆಯನ್ನೇ ನೋಡಿ. ಕವಿ ಯಾರೆಂದರೆ ಎಲ್ಲರೂ ಕೈ ಎತ್ತುತ್ತಾರೆ. ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು ಕರ್ನಾಟಕ ಸರ್ಕಾರ 2022ರಲ್ಲಿ ಅಧಿಕೃತವೆಂದು ಗೊತ್ತುಪಡಿಸಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದಿತು. ಧಾಟಿ ಯಾರದೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. ದೊಡ್ಡವರನ್ನೂ ಕೇಳಬಹುದು.

ಆದ್ದರಿಂದ ಹೊರನಾಡಿನ ಕನ್ನಡ ಸಂಘಗಳ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಆಮಂತ್ರಣದಲ್ಲಿ, ನಿರೂಪಕರ ಚೀಟಿಯಲ್ಲಿ ‘ರಚನೆ’ಯ ಕೆಳಗೆ ‘ಧಾಟಿ’ ಎಂಬ ಇನ್ನೊಂದು ಸಾಲು ಕಡ್ಡಾಯವಾಗಲಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ‘ಸಾಂಪ್ರದಾಯಿಕ’ ಎಂದು ಬರೆದು ಒಬ್ಬರನ್ನು ಅಳಿಸಬೇಡಿ. ಹಿಂದಿ ಚಿತ್ರದ ಧಾಟಿಗೆ ಕನ್ನಡ ಮಾತು ಕಟ್ಟಿ ಮಕ್ಕಳಿಂದ ಹಾಡಿಸಿದಾಗ ಕಂಪನಿ ನಾಟಕದವರಂತೆ ಮಟ್ಟಿನ ಹೆಸರು ಹಾಕಿ. ನಮ್ಮ ನಡುವೆ ಧಾಟಿ ಕೂಡಿಸುವ ಹಿರಿಯರಿದ್ದರೆ ಅವರ ಮನೆಗೆ ಹೋಗಿ, ಅವರ ಬಾಯಿಂದಲೇ ಹಾಡಿಸಿ, ಹೆಸರು ತಾರೀಕು ಹೇಳಿಸಿ ಧ್ವನಿಮುದ್ರಿಸಿಕೊಳ್ಳಿ. ಎಲ್ಲರ ಜೇಬಿನಲ್ಲೂ ಇಂದು ಅದಕ್ಕೆ ಬೇಕಾದ ಯಂತ್ರವಿದೆ. ಇನ್ನು ಯಾರನ್ನಾದರೂ ಕಳ್ಳ ಎನ್ನುವ ಮೊದಲು ಎರಡೂ ಹಾಡುಗಳನ್ನು ಕೇಳಿ. ಅವು ಯಾವ ಭಾಷೆಯವಾದರೂ ಸರಿ.

ಪಾಲಕ್ಕಾಡಿನ ಮಿತ್ರರೂ ನಾವೂ ಕೊನೆಗೊಂದು ಶನಿವಾರ ನಮ್ಮ ಮನೆಯಲ್ಲಿ ಕುಳಿತು ಎರಡು ಹಾಡುಗಳನ್ನೂ ಮೂರು ಮೂರು ಸಲ ಕೇಳಿದೆವು. ಕೇಳಿದ ಮೇಲೂ ಒಂದೇ ಮಾತಿಗೆ ಬರಲಿಲ್ಲ. ಅವರ ತಕರಾರು ಅವರಿಗೆ, ನಮ್ಮ ಅನುಮಾನ ನಮಗೆ. ಆದರೆ ಈ ಸಲ ಅವರು “ನಿಮ್ಮವರು” ಎನ್ನಲಿಲ್ಲ, ನಾವು “ನಿಮಗೆ ಸಹಿಸದು” ಎನ್ನಲಿಲ್ಲ. ಇಂಥ ತಿರುವು, ಇಂಥ ಸ್ವರ ಎಂದು ಮಾತಾಡಿದೆವು. ಹೊರಡುವ ಮುನ್ನ ಟೀಚರಮ್ಮನ ವಚನವನ್ನು ನಮ್ಮ ಮಗಳಿಂದ ಹಾಡಿಸಿದೆವು. ಮಿತ್ರರು ಕಣ್ಣು ಮುಚ್ಚಿ ಕೇಳಿ, “ಧಾಟಿ ಯಾರದು?” ಎಂದರು.

ಹೆಸರು ಹೇಳಿದೆವು. 2011ರಲ್ಲಿ ಬರೆಯಬೇಕಾಗಿದ್ದ ಹೆಸರು.